ಅಪರೂಪದ ಟ್ರಾಮಾ ಕೆಲಸಗಳಿಗೆ ಕ್ಯಾಶುವಲ್ಟಿ ತಂಡ ತಯಾರಾಗುವುದು ಹೇಗೆ?

ಕಾಸರಗೋಡಿನ ಕ್ಯಾಶುವಲ್ಟಿಗಳಲ್ಲಿ ಕಲಿಯುತ್ತಿರುವ ಡಾಕ್ಟರ್, ಸಿಸ್ಟರ್, ಟೆಕ್ನೀಶಿಯನ್ ಎಲ್ಲರಿಗೂ ಈ ಟಿಪ್ಪಣಿ. ದೊಡ್ಡ ಗಾಯದವರು ಬಂದರೆ ಮಂಗಳೂರಿಗೆ ಕಳಿಸುವುದು ನಮ್ಮಲ್ಲಿ ರೂಢಿ. ಸುಮಾರು 50 ಕಿಲೋಮೀಟರ್. ಎಷ್ಟೋ ಜನರಿಗೆ ಅದು ಸರಿಯೇ. ಆದರೆ ಹೈವೇಯಲ್ಲಿ ಬೈಕ್ ಗುದ್ದಿ ದವಡೆ ಪುಡಿಯಾಗಿ, ರಕ್ತ ತುಂಬಿ, ಉಸಿರಿನ ದಾರಿಯೇ ಮುಚ್ಚಿದವನಿಗೆ ಮೊಗ್ರಾಲ್ ಸೇತುವೆಯೂ ದೂರ. ಅವನಿಗೆ ಮಾಡಬೇಕಾದ್ದನ್ನು ಅದೇ ಕೋಣೆಯಲ್ಲಿ, ಆಗಲೇ ಮಾಡಬೇಕು.

ಇಂಥ ಕೆಲಸಗಳು ಕೆಲವೇ. ಕುತ್ತಿಗೆ ಕೊಯ್ದು ಉಸಿರಿಗೆ ದಾರಿ ಮಾಡುವ ಕ್ರೈಕೋ (ಕ್ರೈಕೋಥೈರಾಯ್ಡಾಟಮಿ), ಎದೆಯ ಒತ್ತಡ ಇಳಿಸಲು ಬೆರಳು ತೂರುವಷ್ಟು ತೂತು, ಇರಿತದಿಂದ ಹೃದಯ ನಿಂತಾಗ ಎದೆ ತೆರೆಯುವುದು. 20 ವಾರ ದಾಟಿದ ಗರ್ಭಿಣಿಯ ಹೃದಯ ನಿಂತರೆ 5 ನಿಮಿಷದೊಳಗೆ ಮಗುವನ್ನು ಹೊರತೆಗೆಯುವುದು ಗುರಿ. ಅದು ತಾಯಿಯನ್ನು ಉಳಿಸಲಿಕ್ಕೂ ಹೌದು. ವೃತ್ತಿಯಲ್ಲಿ ಇವನ್ನು ಒಮ್ಮೆಯೂ ಮಾಡದ ಡಾಕ್ಟರುಗಳು ಬಹಳ ಜನ ಇದ್ದಾರೆ. ಅಂದರೆ ರೋಗಿಗಳನ್ನು ನೋಡುತ್ತಾ ನೋಡುತ್ತಾ ಕಲಿಯೋಣ ಅನ್ನುವ ನಮ್ಮ ಮಾಮೂಲಿ ದಾರಿ ಇಲ್ಲಿ ನಡೆಯುವುದಿಲ್ಲ, ಅಲ್ವಾ?

ಕ್ರೈಕೋವನ್ನೇ ನೋಡಿ. ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿಯ 2015ರ ಮಾರ್ಗಸೂಚಿ ಕೇಳಿದ್ದು ಮೂರೇ ಸಾಮಾನು: 10ನೇ ನಂಬರ್ ಬ್ಲೇಡ್, ಬೂಜಿ (ಟ್ಯೂಬಿಗೆ ದಾರಿ ತೋರುವ, ಬಾಗುವ ತೆಳು ಕಡ್ಡಿ), ಕಫ್ (ಗಾಳಿ ತುಂಬಿ ಉಬ್ಬಿಸುವ ಸುತ್ತುಪಟ್ಟಿ) ಇರುವ 6 ಮಿಲಿಮೀಟರಿನ ಟ್ಯೂಬ್. ಅದು ಹೇಳಿದ ಕ್ರಮ: ಧ್ವನಿಪೆಟ್ಟಿಗೆಯನ್ನು ಬೆರಳುಗಳಲ್ಲಿ ಹಿಡಿದು ಅದರ ಮುಂಭಾಗದಲ್ಲಿ ಕೆಳಗಿರುವ ಪೊರೆ ಹುಡುಕಿ. ಅಡ್ಡ ಚುಚ್ಚಿ. ಬ್ಲೇಡ್ ತೆಗೆಯದೆ ಹರಿತದ ಬದಿ ಕಾಲಿನ ಕಡೆಗೆ ಬರುವಂತೆ ತಿರುಗಿಸಿ. ಅದರ ಬದಿಯಲ್ಲೇ ಬೂಜಿ ಜಾರಿಸಿ, ಬೂಜಿಯ ಮೇಲೆ ಟ್ಯೂಬ್. ಕುತ್ತಿಗೆ ಊದಿ ಏನೂ ಕೈಗೆ ಸಿಗದಿದ್ದರೆ ಮೊದಲು ನಡುವೆ ಉದ್ದಕ್ಕೆ 8–10 ಸೆಂಟಿಮೀಟರ್ ಕೊಯ್ದು, ಒಳಗೆ ಬೆರಳಿಟ್ಟು ಹುಡುಕಬೇಕು. ಇದು ದೊಡ್ಡವರ ಲೆಕ್ಕ, ಚಿಕ್ಕ ಮಕ್ಕಳದ್ದು ಬೇರೆ.

ಕೊಯ್ಯುವುದು ಇಷ್ಟೇ. ಕೊಯ್ಯಲು ಶುರು ಮಾಡುವುದೇ ನಿಜವಾದ ಕಷ್ಟ. 2005ರಲ್ಲಿ ಇಂಗ್ಲೆಂಡಿನ ಇಲೇನ್ ಬ್ರೊಮೈಲಿ ಎಂಬಾಕೆ ಸೈನಸ್ ಆಪರೇಶನ್‌ಗೆ ಹೋಗಿದ್ದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ಅನುಭವಿ ಡಾಕ್ಟರುಗಳು ಟ್ಯೂಬ್ ಹಾಕಲು ಮತ್ತೆ ಮತ್ತೆ ನೋಡಿದರು. ಸಿಸ್ಟರೊಬ್ಬರು ಕುತ್ತಿಗೆಯಲ್ಲಿ ದಾರಿ ಮಾಡುವ ಸೆಟ್ ತಂದೂ ಇಟ್ಟಿದ್ದರು. ಅದನ್ನು ಯಾರೂ ಬಳಸಲಿಲ್ಲ. ಇಲೇನ್ ಉಳಿಯಲಿಲ್ಲ. ಪೈಲಟ್ ಆಗಿದ್ದ ಅವರ ಗಂಡ ಮಾರ್ಟಿನ್ ಬ್ರೊಮೈಲಿ ಆಮೇಲೆ ಈ ಪ್ರಕರಣವನ್ನೇ ಮುಂದಿಟ್ಟುಕೊಂಡು, ತಂಡದಲ್ಲಿ ಮಾತು ಹೇಗೆ ನಡೆಯಬೇಕು ಎಂದು ಆಸ್ಪತ್ರೆಗಳಿಗೆ ತಿಳಿಸುವ ಕೆಲಸಕ್ಕೆ ಇಳಿದರು.

ಹಾಗಾಗಿ ಅಭ್ಯಾಸದಲ್ಲಿ ಬರೀ ಕೈ ಅಲ್ಲ, ಬಾಯಿಯೂ ಪಳಗಬೇಕು. ‘ಟ್ಯೂಬ್ ಆಗ್ತಿಲ್ಲ, ಆಕ್ಸಿಜನ್ ಹೋಗ್ತಿಲ್ಲ, ಕ್ರೈಕೋ ಮಾಡೋಣ’ ಎಂದು ಯಾರಾದರೂ ಗಟ್ಟಿಯಾಗಿ ಹೇಳಬೇಕು. ನಮ್ಮ ಕೋಣೆಗಳಲ್ಲಿ ಮಲಯಾಳ, ಕನ್ನಡ, ತುಳು ಎಲ್ಲ ಒಟ್ಟಿಗೆ ಓಡುತ್ತವೆ, ಅದಕ್ಕೇ ಆ ವಾಕ್ಯ ಯಾವುದು ಎಂದು ಮೊದಲೇ ಎಲ್ಲರೂ ಸೇರಿ ಗೊತ್ತುಮಾಡಿಕೊಂಡಿರಿ. ಹೇಳುವ ಹಕ್ಕು ಅತಿ ಜೂನಿಯರ್ ಸಿಸ್ಟರಿಗೂ ಇರಲಿ. ಇದನ್ನು ಸೀನಿಯರ್ ಡಾಕ್ಟರೇ ಎಲ್ಲರೆದುರು ಹೇಳಿಬಿಟ್ಟರೆ ಅರ್ಧ ಭಯ ಹೋಗುತ್ತದೆ.

ಅಭ್ಯಾಸಕ್ಕೆ ದುಬಾರಿ ಗೊಂಬೆ ಬೇಕಿಲ್ಲ. ಮಟನ್ ಅಂಗಡಿಯಲ್ಲಿ ಆಡಿನ ಧ್ವನಿಪೆಟ್ಟಿಗೆಯನ್ನು ಶ್ವಾಸನಾಳದ ಸಮೇತ ಕೇಳಿ ತನ್ನಿ. ಮೇಲೆ ಕೋಳಿ ಚರ್ಮ ಬಿಗಿಯಿರಿ, ಐವಿ ಸೆಟ್‌ನಲ್ಲಿ ಕೆಂಪು ನೀರು ಬಿಡಿ. ನಿಜವಾಗಿ ಕೊಯ್ದಾಗ ರಕ್ತದಲ್ಲಿ ಏನೂ ಕಾಣದು, ಬೆರಳೇ ಕಣ್ಣು. ಅದು ಅಭ್ಯಾಸದಲ್ಲೇ ಗೊತ್ತಾಗಬೇಕು. ಕ್ಲಾಸ್‌ರೂಮಿನಲ್ಲಿ ಬೇಡ, ಸಾಧ್ಯವಾದರೆ ನಿಮ್ಮದೇ ರೀಸಸ್ ಕೋಣೆಯಲ್ಲಿ (ಜೀವಾಪಾಯದಲ್ಲಿರುವವರನ್ನು ನೋಡುವ ಕೋಣೆ), ನಿಮ್ಮದೇ ಟ್ರಾಲಿಯ ಪಕ್ಕ ಮಾಡಿ. ಬೂಜಿ ಬೀಗ ಹಾಕಿದ ಕಪಾಟಿನಲ್ಲಿದೆ, ಬೀಗದ ಕೈ ಇನ್ನೊಬ್ಬರ ಹತ್ತಿರ ಇದೆ ಅನ್ನುವಂಥ ವಿಷಯ ಹೊರಬೀಳುವುದು ಅಲ್ಲೇ. ವರ್ಷಕ್ಕೊಮ್ಮೆ ಇಡೀ ದಿನದ ವರ್ಕ್‌ಶಾಪ್ ಮಾಡಿ ಸರ್ಟಿಫಿಕೇಟ್ ಹಂಚಿದರೆ ಸಾಲದು, ತಿಂಗಳುಗಳಲ್ಲೇ ಕೈ ಮರೆಯುತ್ತದೆ. ಡ್ಯೂಟಿ ಬದಲಾಗುವ ಹೊತ್ತಿಗೆ ಹತ್ತು ನಿಮಿಷ, ಆಗಾಗ, ಅದು ಜಾಸ್ತಿ ಉಪಯೋಗ. ಅಭ್ಯಾಸದ ಸಾಮಾನಿಗೆ ಬೇರೆ ಡಬ್ಬ ಇಟ್ಟು ಮೇಲೆ ದೊಡ್ಡದಾಗಿ ಬರೆಯಿರಿ. ಆಡಿನ ಗಂಟಲು ಮುಟ್ಟಿದ ಬ್ಲೇಡ್ ಯಾವ ಕಾರಣಕ್ಕೂ ರೋಗಿಯ ಟ್ರಾಲಿಗೆ ಹೋಗಬಾರದು.