ನಾನು ಹತ್ತಿರ ಹೋದರೆ ತಂಡದವರ ಮಾತು ನಿಲ್ಲುತ್ತದೆ, ಏನು ಮಾಡಲಿ?

ಪ್ರಶ್ನೆ: ಮೂರು ತಿಂಗಳ ಹಿಂದೆ ಟೀಮ್ ಲೀಡ್ ಆದೆ. ಮೊನ್ನೆಯವರೆಗೆ ಪಕ್ಕದಲ್ಲಿ ಕೂತು ಕೆಲಸ ಮಾಡಿದವರೇ ಈಗ ನನ್ನ ಕೈಕೆಳಗಿದ್ದಾರೆ. ಯಾರೂ ಎದುರಾಡುವುದಿಲ್ಲ, ಮೀಟಿಂಗ್‌ನಲ್ಲಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಆದರೆ ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಇವರ ವಿಶ್ವಾಸ, ನಿಷ್ಠೆ ಗಳಿಸುವುದು ಹೇಗೆ?

ಉತ್ತರ: ಮಾತು ನಿಲ್ಲುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅದು ಕುರ್ಚಿಯ ಜೊತೆಗೇ ಬರುತ್ತದೆ. ನಿಮ್ಮ ಹಿಂದಿನ ಲೀಡ್ ಬಂದಾಗ ನೀವೂ ಮಾತು ಬದಲಿಸಿರಬೇಕು, ನೆನಪಿಸಿಕೊಳ್ಳಿ. ನನ್ನನ್ನು ಚಿಂತೆಗೆ ಹಚ್ಚಿದ್ದು ಆ 'ಹೂಂ'. ತಂಡದಲ್ಲಿ ಏನಾದರೂ ಎಡವಟ್ಟಾದರೆ ಅದು ನಿಮ್ಮ ಕಿವಿಗೆ ಬೀಳಲು ಎಷ್ಟು ಹೊತ್ತು ಹಿಡಿಯುತ್ತದೆ? ಹತ್ತು ನಿಮಿಷವೋ, ಹತ್ತು ದಿನವೋ? ವಿಶ್ವಾಸ ಎಷ್ಟಿದೆ ಎಂದು ನೋಡಲು ನಾನು ನಂಬುವ ಅಳತೆ ಇದು.

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ಊಹೆ. ಲೆಕ್ಕ ಉಲ್ಟಾ ಬಂತು: ಚೆನ್ನಾಗಿ ನಡೆಯುತ್ತಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆಮೇಲೆ ಹೊಳೆದದ್ದು, ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ತಪ್ಪು ಮುಚ್ಚಿಹೋಗುತ್ತಿತ್ತು. ಆದ್ದರಿಂದ 'ನಮ್ಮಲ್ಲಿ ಸಮಸ್ಯೆಯೇ ಇಲ್ಲ' ಎಂದು ಹೇಳುವ ಲೀಡ್‌ಗಳನ್ನು ಕಂಡರೆ ನನಗೆ ಸಣ್ಣ ಅನುಮಾನ.

ಕೆಟ್ಟ ಸುದ್ದಿ ತಂದವರ ಮುಂದೆ ನಿಮ್ಮ ಮೊದಲ ಒಂದು ನಿಮಿಷ ಹೇಗಿರುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. 'ಯಾರು ಮಾಡಿದ್ದು?' ಎಂದು ಕೇಳಿದಿರೋ, ಮುಂದಿನ ಸಲ ಸುದ್ದಿ ಬರುವುದಿಲ್ಲ, ಬಂದರೂ ತಡವಾಗಿ ಬರುತ್ತದೆ. 'ಈಗ ಯಾರಿಗೆ ತೊಂದರೆಯಾಗುತ್ತಿದೆ, ಮೊದಲು ಏನು ನಿಲ್ಲಿಸಬೇಕು?' ಎಂದು ಕೇಳಿ. ಹಾಗಂತ ಬೈಯಲೇಬಾರದೆಂದಲ್ಲ. ಮತ್ತೆ ಮತ್ತೆ ಅದೇ ಉಡಾಫೆ ಮಾಡಿದವರಿಗೆ ಹೇಳಲೇಬೇಕು, ಕೋಣೆಯೊಳಗೆ, ಒಬ್ಬರನ್ನೇ ಕೂರಿಸಿಕೊಂಡು. ಆದರೆ ತಪ್ಪು ಒಪ್ಪಿಕೊಂಡವರಿಗೂ ಮುಚ್ಚಿಟ್ಟವರಿಗೂ ಒಂದೇ ಶಿಕ್ಷೆಯಾದರೆ ಮುಂದೆ ಎಲ್ಲರೂ ಮುಚ್ಚಿಡಲು ಕಲಿಯುತ್ತಾರೆ.

ಇನ್ನೊಂದು ಕಷ್ಟ ನಿಮ್ಮದೇ ವಿಶೇಷ: ಹಳೆಯ ಗೆಳೆಯರು. ಬೇಡದ ಕೆಲಸ, ಅನಾನುಕೂಲದ ಶಿಫ್ಟ್ ಯಾರಿಗೆ ಬೀಳುತ್ತದೆ ಎಂದು ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಇಡುತ್ತಿರುತ್ತಾರೆ. 1915ರಲ್ಲಿ ಅಂಟಾರ್ಕ್ಟಿಕ್ ಸಮುದ್ರದ ಹಿಮದಲ್ಲಿ ಎಂಡ್ಯೂರೆನ್ಸ್ ಎಂಬ ಅನ್ವೇಷಣಾ ಹಡಗು ಅಪ್ಪಚ್ಚಿಯಾದಾಗ 28 ಮಂದಿಗೆ ಇದ್ದ ಬೆಚ್ಚನೆಯ ತುಪ್ಪಳದ ಮಲಗುವ ಚೀಲಗಳು 18 ಮಾತ್ರ. ಉಳಿದವು ಉಣ್ಣೆಯವು. ನಾಯಕ ಶ್ಯಾಕಲ್ಟನ್ ಚೀಟಿ ಎತ್ತಿಸಿದ. ವಿಚಿತ್ರವೆಂದರೆ ಶ್ಯಾಕಲ್ಟನ್ ಮತ್ತು ಹಿರಿಯ ಅಧಿಕಾರಿಗಳ ಪಾಲಿಗೆಲ್ಲ ಉಣ್ಣೆಯ ಚೀಲಗಳೇ ಬಂದವು! ಚೀಟಿಯಲ್ಲಿ ಮೋಸವಿದೆ ಎಂದು ನಾವಿಕರಿಗೆ ತಿಳಿಯದಿರಲಿಲ್ಲ, ಮೋಸ ತಮ್ಮ ಪರವಾಗಿತ್ತು ಅಷ್ಟೇ. ಆ 28 ಮಂದಿಯೂ ಬದುಕಿ ಬಂದರು. ನೀವು ಅಷ್ಟು ದೂರ ಹೋಗಬೇಕಿಲ್ಲ. ಯಾರಿಗೂ ಬೇಡವಾದ ಶಿಫ್ಟ್ ಪಟ್ಟಿಯಲ್ಲಿ ಮೊದಲು ನಿಮ್ಮ ಹೆಸರು ಬರೆಯಿರಿ, ಸಾಕು.

ನಿಷ್ಠೆಯ ವಿಷಯ ಬೇರೆ. ಅದನ್ನು ಕೇಳಿ ಪಡೆಯಲು ಹೋದರೆ ಸಿಗುವುದು ಹೊಗಳುಭಟರು. ಯಾರಾದರೂ ಬೇರೆ ಕೆಲಸ ಸಿಕ್ಕಿತೆಂದು ರಾಜೀನಾಮೆ ಕೊಟ್ಟಾಗ ಮುಖ ಗಂಟಿಕ್ಕದೆ ಒಳ್ಳೆಯ ಮಾತಾಡಿ ಕಳಿಸಿ. ಹೋಗುವವರಿಗಿಂತ ಉಳಿಯುವವರು ಅದನ್ನು ಹೆಚ್ಚು ಗಮನಿಸುತ್ತಾರೆ.

ಮುಂದಿನ ಮೀಟಿಂಗ್‌ನಲ್ಲಿ ಈ ಮೂರು ತಿಂಗಳಲ್ಲಿ ನೀವೇ ಮಾಡಿದ ಒಂದು ತಪ್ಪು ನಿರ್ಧಾರವನ್ನು ಹೇಳಿಕೊಳ್ಳಿ. 'ನಾನು ಜಾಸ್ತಿ ಕೆಲಸ ಮಾಡ್ತೀನಿ, ಅದೇ ನನ್ನ ತಪ್ಪು' ಎಂಬ ಜಾತಿಯದ್ದಲ್ಲ, ನಿಜವಾಗಿ ಮುಜುಗರ ತರುವಂಥದ್ದು. ಮೊದಲ ದಿನ ಎಲ್ಲರೂ ಸುಮ್ಮನೆ ಕೂತಿರುತ್ತಾರೆ. ಆ ಮೌನವನ್ನು ತುಂಬಲು ಹೋಗಬೇಡಿ.