ಮಾಲ್ಟಾದವರಿಗೆ ಅವರದ್ದೇ ಸಾಹಿತ್ಯ ಇದೆಯಾ?

ಪ್ರಶ್ನೆ: ಮಾಲ್ಟಾವನ್ನು ಅರಬರು ಆಳಿದರು, ನೈಟ್‌ಗಳು ಅನ್ನುವ ಕ್ರೈಸ್ತ ಧರ್ಮಯೋಧರು ಆಳಿದರು, ಕೊನೆಗೆ ಬ್ರಿಟಿಷರೂ ಆಳಿದರು. ಅಷ್ಟು ಪುಟ್ಟ ದ್ವೀಪದ ಜನಕ್ಕೆ ತಮ್ಮದೇ ಅನ್ನುವ ಸಾಹಿತ್ಯ ಉಳಿದಿದೆಯಾ?

ಉತ್ತರ: ಉಳಿದಿದೆ. ಬಹಳ ಕಾಲ ಅದು ಜನರ ಬಾಯಲ್ಲೇ ಇತ್ತು, ಕಾಗದಕ್ಕೆ ಇಳಿದದ್ದು ತಡವಾಗಿ.

ಅವರ ಭಾಷೆ ಮಾಲ್ಟೀಸ್. ಅದು ಹುಟ್ಟಿದ್ದು ಪಕ್ಕದ ಸಿಸಿಲಿ ದ್ವೀಪದ ಕಡೆ ಆಡುತ್ತಿದ್ದ ಅರಬ್ಬಿಯಿಂದ. ಬರೆಯೋದು ಮಾತ್ರ ರೋಮನ್ ಲಿಪಿಯಲ್ಲಿ. ಜಗತ್ತಿಗೆ ಅವರು 'ದಿನ್ಯಾ' ಅಂತಾರೆ. ನಮ್ಮ 'ದುನಿಯಾ'ನೇ ಅದು. ಹೆಚ್ಚಿನವರು ಕ್ಯಾಥೊಲಿಕರು, ಆದರೂ ದೇವರಿಗೆ ಅವರ ಮಾತು 'ಅಲ್ಲಾ'. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ 'ರಂದಾನ್'. ಧರ್ಮ ಬದಲಾದರೂ ಮಾತು ಹೋಗಲಿಲ್ಲ ನೋಡಿ.

ಈ ಭಾಷೆಯಲ್ಲಿ ಸಿಕ್ಕಿರುವ ಅತಿ ಹಳೆಯ ಕವನ 'ಕಂತಿಲೇನಾ'. ಬರೆದವನು ಪಿಯೆತ್ರು ಕಶಾರೊ, ತೀರಿಕೊಂಡದ್ದು 1485ರಲ್ಲಿ. ಅವನ ಮನೆತನದ ನೋಟರಿಯೊಬ್ಬ ಈ 20 ಸಾಲುಗಳನ್ನು ತನ್ನ ರಿಜಿಸ್ಟರ್‌ನಲ್ಲಿ ಬರೆದಿಟ್ಟಿದ್ದ. ಅದು ಸಂಶೋಧಕರ ಕಣ್ಣಿಗೆ ಬಿದ್ದದ್ದು 1966ರಲ್ಲಿ! ಕವನದಲ್ಲಿ ಒಬ್ಬ ನೆರೆಹೊರೆಯವರನ್ನು ಕರೆದು ತನ್ನ ಕಷ್ಟ ಹೇಳಿಕೊಳ್ಳುತ್ತಾನೆ. ಕಟ್ಟಿದ ಮನೆ ಕುಸಿದಿದೆ. ಕೆಲಸಗಾರರದ್ದು ತಪ್ಪಲ್ಲ. ಬಂಡೆ ಸಿಗುತ್ತದೆ ಅಂದುಕೊಂಡ ಕಡೆ ಸಿಕ್ಕಿದ್ದು ಮೆತ್ತನೆಯ ಜೇಡಿಮಣ್ಣು. ಸುಣ್ಣಕಲ್ಲಿನ ಆ ದ್ವೀಪದಲ್ಲಿ ಬಂಡೆ ಸಿಗದೇ ಹೋಗೋದು ಎಂಥ ಸಂಕಟ ಅಂತ ಯೋಚಿಸಿ. ಅವನು ಸುಮ್ನೆ ಮನೆಯ ಬಗ್ಗೆ ಹೇಳುತ್ತಿಲ್ಲ, ನಂಬಿಕೆ ಮುರಿದ ನೋವು ಅದು ಅಂತ ನನಗನ್ನಿಸುತ್ತದೆ.

ಅದಾದ ಮೇಲೂ ಶತಮಾನಗಟ್ಟಲೆ ಓದುಬರಹ ಬಲ್ಲವರು ಹೆಚ್ಚಾಗಿ ಇಟಾಲಿಯನ್‌ನಲ್ಲೇ ಬರೆದರು. ಮಾಲ್ಟೀಸ್ ಮನೆಯ ಮಾತು, ಹೊಲದ ಮಾತು. ಮಿಕಿಯೆಲ್ ಆಂಟನ್ ವಸ್ಸಾಲಿ ಅನ್ನುವ ಭಾಷಾ ವಿದ್ವಾಂಸರು ಅದಕ್ಕೆ 1791ರಲ್ಲಿ ವ್ಯಾಕರಣ, 1796ರಲ್ಲಿ ನಿಘಂಟು ಮಾಡಿಕೊಟ್ಟರು.

ಓದು ಬಾರದವರ ಸಾಹಿತ್ಯ ಬೇರೆಯೇ ಇತ್ತು, 'ಆನಾ' ಅನ್ನುವ ಹಾಡುಗಾರಿಕೆ. ಅದರಲ್ಲಿ 'ಸ್ಪಿರ್ತು ಪ್ರೊಂತ್' ಅಂತ ಒಂದು ಬಗೆ. ಗಿಟಾರ್ ನುಡಿಯುತ್ತಿರುತ್ತದೆ, ಹಾಡುಗಾರರು ಎದುರುಬದುರಾಗುತ್ತಾರೆ. ಒಬ್ಬರು ಹಾಡಿದ್ದಕ್ಕೆ ಇನ್ನೊಬ್ಬರು ಅಲ್ಲೇ ಪ್ರಾಸ ಕಟ್ಟಿ ತಿರುಗೇಟು ಕೊಡಬೇಕು. ಬರೆದುಕೊಂಡು ಬರೋ ಹಾಗಿಲ್ಲ. ಇದೂ ಪೂರ್ತಿ ಸಾಹಿತ್ಯವೇ ಅಲ್ವಾ? 2021ರಲ್ಲಿ ಯುನೆಸ್ಕೊ ಆನಾವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ರಾಷ್ಟ್ರಕವಿ ದುನ್ ಕಾರ್ಮ್ ಪಾದ್ರಿಯಾಗಿದ್ದರು. ನಲವತ್ತರ ತನಕ ಇಟಾಲಿಯನ್‌ನಲ್ಲೇ ಬರೆಯುತ್ತಿದ್ದವರು 1912ರಲ್ಲಿ ತಾಯ್ನುಡಿಗೆ ಹೊರಳಿದರು. ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1934ರಲ್ಲಿ. ಅದಕ್ಕೂ ಮುಂಚೆ, 1922ರಲ್ಲಿ, ಅವರು ಶಾಲಾ ಮಕ್ಕಳಿಗಾಗಿ ಒಂದು ಪ್ರಾರ್ಥನೆ ಬರೆದುಕೊಟ್ಟರು. ಇವತ್ತು ಅದೇ ರಾಷ್ಟ್ರಗೀತೆ. ಮೊದಲ ಸಾಲಿನಲ್ಲೇ ನಾಡನ್ನು 'ಹೆಲ್ವಾ' ಅಂತ ಕರೆಯುತ್ತದೆ. ಸಿಹಿಯಾದದ್ದು ಅಂತ ಅರ್ಥ. ನಾವು ತಿನ್ನುವ ಹಲ್ವಾ ಬಂದದ್ದೂ ಅದೇ ಬೇರಿನಿಂದ.