ಪಾವಗಡದ ಕರೆಂಟನ್ನು ಮಧುಗಿರಿ ಬೆಟ್ಟದ ಮೇಲೆ ಕೂಡಿಡಬಹುದಾ?

ಓದುಗರ ಪ್ರಶ್ನೆ: ಪಾವಗಡದ ಸೋಲಾರ್ ಪಾರ್ಕಿನಲ್ಲಿ ಹಗಲೆಲ್ಲ ಕರೆಂಟು, ಹೊತ್ತು ಮುಳುಗಿದರೆ ಸೊನ್ನೆ. ಮಧುಗಿರಿ ಬೆಟ್ಟದ ಮೇಲೊಂದು ಕೆರೆ ಮಾಡಿ, ಹಗಲು ನೀರು ಹತ್ತಿಸಿ, ರಾತ್ರಿ ಕೆಳಗೆ ಬಿಟ್ಟು ಕರೆಂಟ್ ಮಾಡಬಾರದಾ?

ಉತ್ತರ: ಮೊದಲು ಮನೆಯ ಟ್ಯಾಂಕಿನ ಲೆಕ್ಕ ನೋಡೋಣ. ಮೂರಂತಸ್ತಿನ ಮೇಲೆ, ಅಂದರೆ ಸುಮಾರು 10 ಮೀಟರ್ ಎತ್ತರದಲ್ಲಿ, ಸಾವಿರ ಲೀಟರಿನ ಸಿಂಟೆಕ್ಸ್ ತುಂಬಿದೆ. ಆ ನೀರನ್ನೆಲ್ಲ ಒಂದು ಹನಿಯ ಶಕ್ತಿಯೂ ಪೋಲಾಗದಂತೆ ಇಳಿಸಿದರೂ ಸಿಗುವುದು 9 ವ್ಯಾಟಿನ ಒಂದು ಎಲ್ಇಡಿ ಬಲ್ಬು ಮೂರು ಗಂಟೆ ಉರಿಯುವಷ್ಟು ಕರೆಂಟು. ಒಂದು ಯೂನಿಟ್ಟಿಗೆ ಇಂಥ 37 ಟ್ಯಾಂಕು ಬೇಕು! ನೀರು ಭಾರ ಅನ್ನಿಸುತ್ತೆ, ಆದರೆ ಅದರಲ್ಲಿ ಕೂಡಿಡಬಹುದಾದ ಶಕ್ತಿ ತೀರಾ ಕಡಿಮೆ. ಹಾಗಾಗಿ ಎತ್ತರವೂ ಬೇಕು, ನೀರೂ ರಾಶಿ ರಾಶಿ ಬೇಕು.

ಪಾವಗಡದ ಪಾರ್ಕು 2,050 ಮೆಗಾವ್ಯಾಟಿನದು. ಅದರ ಸುಮಾರು ಅರ್ಧ, 1,000 ಮೆಗಾವ್ಯಾಟು, ಸಂಜೆ ಆರರಿಂದ ರಾತ್ರಿ ಹನ್ನೆರಡರವರೆಗೆ ಬೇಕು ಅಂದುಕೊಳ್ಳಿ. 60 ಲಕ್ಷ ಯೂನಿಟ್ ಆಯಿತು. ಮೇಲಿನ ಕೆರೆಗೂ ಕೆಳಗಿನ ಕೆರೆಗೂ 300 ಮೀಟರ್ ಎತ್ತರದ ಅಂತರ ಸಿಕ್ಕರೆ ಸುಮಾರು 0.3 ಟಿಎಂಸಿ ನೀರು ಸಾಕು. ಅಷ್ಟೇನಾ ಅಂತ ನನಗೂ ಅನ್ನಿಸಿತ್ತು. ಆದರೆ 0.3 ಟಿಎಂಸಿ ಅಂದರೆ ನೂರು ಎಕರೆ ಅಗಲ, 20 ಮೀಟರ್ ಆಳದ ಕೆರೆ. ಅಂಥದ್ದು ಮೇಲೊಂದು, ಕೆಳಗೊಂದು ಬೇಕು. ಮಧುಗಿರಿಯದು ಏಕಶಿಲೆ, ಹತ್ತುವಾಗಲೇ ಕಾಲು ಜಾರುವ ಬೋಳು ಬಂಡೆ. ಅದರ ನೆತ್ತಿಯ ಮೇಲೆ ನೂರು ಎಕರೆ ಕೆರೆಗೆ ಜಾಗ ಎಲ್ಲಿದೆ? ಮೊದಲ ಸಲ ತುಂಬಿಸಲು ನೀರು, ಆಮೇಲೆ ಬಿಸಿಲಿಗೆ ಆರಿದ್ದನ್ನು ವರ್ಷ ವರ್ಷ ತುಂಬಲು ಇನ್ನಷ್ಟು. ಬೋರ್‌ವೆಲ್‌ಗಳೇ ಬತ್ತುವ ನಮ್ಮ ಕಡೆ ಅದನ್ನು ಯಾರು ಬಿಟ್ಟುಕೊಡುತ್ತಾರೆ?

ಖರ್ಚು? ಮೆಗಾವ್ಯಾಟಿಗೆ ಸುಮಾರು 4ರಿಂದ 7 ಕೋಟಿ, ಅಂದರೆ ಇದಕ್ಕೆ ಐದಾರು ಸಾವಿರ ಕೋಟಿ. ಜಾಸ್ತಿ ಹೋಗುವುದು ಸುರಂಗ, ಅಣೆಕಟ್ಟು, ನೆಲದಡಿಯ ಪವರ್‌ಹೌಸಿಗೆ. ಒಮ್ಮೆ ಕಟ್ಟಿದರೆ 40–50 ವರ್ಷ ಬಾಳುತ್ತೆ, ಬ್ಯಾಟರಿ ಅಷ್ಟು ಬಾಳುವುದಿಲ್ಲ. ಹತ್ತಿಸಲು 100 ಯೂನಿಟ್ ಸುಟ್ಟರೆ ವಾಪಸ್ ಸಿಗುವುದು 75–80. ಮಧ್ಯಾಹ್ನ ಗಿರಾಕಿ ಇಲ್ಲದ ಕರೆಂಟಾದರೆ ಈ ನಷ್ಟ ಏನೂ ಅಲ್ಲ ಬಿಡಿ.

ಅಂದಹಾಗೆ, ಪಾವಗಡದ ಕರೆಂಟಿಗೆ ಪಕ್ಕದ ಬೆಟ್ಟವೇ ಬೇಕೆಂದಿಲ್ಲ. ಅದು ಲೈನ್ ಹಿಡಿದು ಎಲ್ಲಿಗೆ ಬೇಕಾದರೂ ಹೋಗುತ್ತೆ. ಹೀಗೇ ನೀರು ಹತ್ತಿಸಿ ಇಳಿಸುವ 2,000 ಮೆಗಾವ್ಯಾಟಿನ ಯೋಜನೆಗೆ ಶರಾವತಿಯ ಮೇಲೆ ಕಣ್ಣು ಬಿದ್ದದ್ದು ಅದಕ್ಕೇ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ, ಎರಡೂ ಜಲಾಶಯ ಆಗಲೇ ಇವೆ. ಆದರೂ ಖರ್ಚು 8 ಸಾವಿರ ಕೋಟಿ ದಾಟುತ್ತೆ. ನಡುವೆ ಇರುವುದು ಸಿಂಗಳೀಕಗಳ ಕಾಡು, ಅಲ್ಲಿನ ಜನ ಬೇಡ ಅನ್ನುತ್ತಿರುವುದೂ ಅದಕ್ಕೇ.